ಎಲ್ಲಾ ರಕ್ತವೂ ಮೂಲವ್ಯಾಧಿಯದಲ್ಲ

ನಾನು ಬ್ಲೌಸ್ ಹೊಲಿಸುವ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ, ಅಕ್ಕ ಅಂತಲೇ ಇರಲಿ. ಹಬ್ಬದ ಸೀಸನ್ ಬಂತೆಂದರೆ ರಾತ್ರಿ ಹನ್ನೊಂದಾದರೂ ಅವರ ಮೆಷಿನ್ನಿನ ಸದ್ದು ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ಗೌರಿಹಬ್ಬಕ್ಕೆ ಮುಂಚೆ ಅಳತೆ ಬ್ಲೌಸ್ ಕೊಡಲು ಹೋದಾಗ ನೋಡುತ್ತೇನೆ, ಸ್ಟೂಲಿನ ಮೇಲೆ ದಿಂಬು ಹಾಕಿಕೊಂಡು, ಒಂದೇ ಮಗ್ಗುಲಿಗೆ ಭಾರ ಬಿಟ್ಟು ಕೂತಿದ್ದಾರೆ.

"ಏನಕ್ಕಾ, ಸೊಂಟ ನೋವಾ?" ಅಂದೆ.

"ಸೊಂಟ ಅಲ್ಲ ಕಣಮ್ಮ, ಮೂಲವ್ಯಾಧಿ. ಕೂತು ಕೆಲಸ ಮಾಡೋರ ಪಾಡೇ ಇಷ್ಟು" ಅಂದರು.

ನಮಗೆಲ್ಲಾ ಗೊತ್ತಲ್ಲ, ಮೂಲವ್ಯಾಧಿ ಅಂದ ತಕ್ಷಣ ಪ್ರತಿಯೊಬ್ಬರೂ ಡಾಕ್ಟರೇ! ನಾನೂ ಶುರು ಮಾಡಿದೆ. ಖಾರ ಬಿಡಿ, ಮಜ್ಜಿಗೆ ಕುಡಿಯಿರಿ, ಬಿಸಿನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿ, ಸುವರ್ಣಗಡ್ಡೆ ತಿನ್ನಿ. ಹೇಳಿದ್ದಷ್ಟೇ ಅಲ್ಲ, ಮಾರನೇ ದಿನ ಸುವರ್ಣಗಡ್ಡೆ ಪಲ್ಯ ಮಾಡಿ ಒಂದು ಡಬ್ಬಿ ಕಳಿಸಿಯೂ ಬಿಟ್ಟೆ. ದೊಡ್ಡ ಉಪಕಾರ ಮಾಡಿದ ಸಮಾಧಾನ ನನಗೆ.

ಆರೇಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಅಕ್ಕ ತಾವಾಗಿಯೇ ಬಾಯಿ ಬಿಟ್ಟರು. ಅದು ಮೂಲವ್ಯಾಧಿ ಆಗಿರಲಿಲ್ಲ. ಗುದದ್ವಾರದ ಒಳಅಂಚಿನಲ್ಲಿ ಒಂದು ಗಂಟು. ತೆಗೆದು ಪರೀಕ್ಷೆಗೆ ಕಳಿಸಿದಾಗ 'ಕ್ಯಾನ್ಸರ್‌ಗೆ ಮುಂಚಿನ ಹಂತ' ಅಂತ ವರದಿ ಬಂದಿತ್ತು. ಆ ಮಾತಿಗಿಂತ ಸಣ್ಣ ದನಿಯಲ್ಲಿ ಹೇಳಿದ್ದು ಇನ್ನೊಂದು. ಅಕ್ಕನಿಗೆ ಹದಿನಾರು ವರ್ಷದಿಂದ ಎಚ್‌ಐವಿ ಇದೆ. ಗಂಡನಿಂದ ಬಂದದ್ದು. ಅವರು ತೀರಿಕೊಂಡೂ ಹದಿನೈದು ವರ್ಷವಾಯಿತು.

"ಬರೀಯಮ್ಮ. ನನ್ನ ಹೆಸರು, ಊರು ಹಾಕ್ಬೇಡ. ಆದ್ರೆ ಬರಿ" ಅಂದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದೆಲ್ಲಾ ಇದ್ದ ಹಾಗೇ ಇದೆ.

ಎರಡು ಆಸ್ಪತ್ರೆ, ಎರಡು ಗುಟ್ಟು

ಅಕ್ಕನ ಕತೆಯಲ್ಲಿ ನನಗೆ ತುಂಬಾ ಕಾಡಿದ್ದು ಒಂದು ಸಂಗತಿ. ಅವರು ಮಾತ್ರೆ ವಿಷಯದಲ್ಲಿ ಬಲು ಶಿಸ್ತಿನ ಹೆಂಗಸು. ಸರ್ಕಾರಿ ಎ.ಆರ್.ಟಿ. ಕೇಂದ್ರದಿಂದ ಮಾತ್ರೆ ತಂದು ರಾತ್ರಿ ಊಟವಾದ ಮೇಲೆ ಒಂದು ದಿನವೂ ತಪ್ಪದೆ ನುಂಗುತ್ತಾರೆ. ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದರೆ ಮಲದಲ್ಲಿ ರಕ್ತ ಬರುತ್ತಿರುವುದನ್ನು ಆ ಕೇಂದ್ರದ ಡಾಕ್ಟರಿಗೆ ಅವರು ಹೇಳಲೇ ಇಲ್ಲ. 'ಅದಕ್ಕೂ ಇದಕ್ಕೂ ಏನು ಸಂಬಂಧ' ಎನ್ನುವ ಭಾವನೆ. ಇನ್ನೊಂದು ಕಡೆ, ಮೂಲವ್ಯಾಧಿಗೆ ಅಂತ ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ಎಚ್‌ಐವಿ ಇರುವುದನ್ನು ಹೇಳಲಿಲ್ಲ. ಹೇಳಿದರೆ ಎಲ್ಲಿ ಹೊರಗೆ ಕಳಿಸುತ್ತಾರೋ ಎನ್ನುವ ಹೆದರಿಕೆ. ಅಲ್ಲಿಯ ಡಾಕ್ಟರು ಮುಟ್ಟಿಯೂ ನೋಡದೆ ಮುಲಾಮು ಬರೆದುಕೊಟ್ಟರು. ಹೀಗೇ ಒಂದು ವರ್ಷ ಕಳೆಯಿತು. ನನ್ನ ಪಲ್ಯವೂ ಆ ವರ್ಷದ ಲೆಕ್ಕದಲ್ಲೇ ಸೇರುತ್ತದೆ, ಬಿಡಿ.

ಕೊನೆಗೆ ಕಂಡುಹಿಡಿದದ್ದು ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕಿ. ಬೆಂಚು ಖಾಲಿ ಇದ್ದರೂ ಅಕ್ಕ ನಿಂತೇ ಇದ್ದರಂತೆ. "ಯಾಕ್ರೀ ಕೂರಲ್ಲ?" ಅಂತ ಆಕೆ ಕೇಳಿದ್ದಕ್ಕೆ ಅಳು ಬಂದುಬಿಟ್ಟಿತಂತೆ. ಅಲ್ಲಿಂದ ಸರ್ಜನ್ ಹತ್ತಿರ ಕಳಿಸಿದರು. ಸರ್ಜನ್ ಕೈಗವಸು ಹಾಕಿಕೊಂಡು ಬೆರಳಿಟ್ಟು ನೋಡಿದರು. ಎರಡು ನಿಮಿಷದ ಕೆಲಸ!

ಏನಿದು, ಯಾಕೆ ಬರುತ್ತೆ?

ಗರ್ಭಕಂಠದ ಕ್ಯಾನ್ಸರ್ ಬಗ್ಗೆ ನೀವು ಕೇಳೇ ಇರುತ್ತೀರಿ. ಅದಕ್ಕೆ ಕಾರಣ ಎಚ್‌ಪಿವಿ ಎನ್ನುವ ವೈರಸ್ಸು ಅಂತಲೂ ಗೊತ್ತಿರಬಹುದು. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎಚ್‌ಐವಿ ಬೇರೆ, ಎಚ್‌ಪಿವಿ ಬೇರೆ. ಹೆಸರು ಒಂದೇ ಥರ ಕೇಳಿಸುವುದರಿಂದ ಗಲಿಬಿಲಿ ಆಗುತ್ತದೆ, ಅಷ್ಟೆ. ಎಚ್‌ಪಿವಿ ಬಹಳ ಸಾಮಾನ್ಯವಾದ ವೈರಸ್ಸು. ದಾಂಪತ್ಯ ಜೀವನ ಶುರುವಾದ ಹೆಚ್ಚಿನವರಿಗೆ ಯಾವಾಗಲಾದರೂ ಒಮ್ಮೆ ತಗಲಿಯೇ ತಗಲುತ್ತದೆ. ನಮ್ಮ ದೇಹದ ರೋಗನಿರೋಧಕ ಶಕ್ತಿ ಅದನ್ನು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಅಡಗಿಸಿಬಿಡುತ್ತದೆ. ನಮಗೆ ಬಂದು ಹೋದದ್ದೂ ಗೊತ್ತಾಗುವುದಿಲ್ಲ.

ಅಡಗದೆ ಉಳಿದುಕೊಂಡರೆ ಮಾತ್ರ ತೊಂದರೆ. ಗರ್ಭಕಂಠದ ಒಳಗೂ ಹೊರಗೂ ನಡುವಿನ ಗಡಿಯಲ್ಲಿ ಎರಡು ಬಗೆಯ ಜೀವಕೋಶಗಳು ಸೇರುವ ಜಾಗ ಒಂದಿದೆ. ಈ ವೈರಸ್ಸಿಗೆ ಆ ಗಡಿ ಎಂದರೆ ಪ್ರೀತಿ. ಗುದದ್ವಾರದ ಒಳಗೂ ಅಂಥದೇ ಗಡಿ ಇದೆ. ವೈರಸ್ಸು ಅಲ್ಲಿ ಕೂತು ವರ್ಷಗಟ್ಟಲೆ ಇದ್ದರೆ ಜೀವಕೋಶಗಳ ಆಕಾರ, ನಡವಳಿಕೆ ನಿಧಾನವಾಗಿ ಬದಲಾಗುತ್ತವೆ. ಮೊದಲು ಸಣ್ಣ ಬದಲಾವಣೆ, ಆಮೇಲೆ ದೊಡ್ಡ ಬದಲಾವಣೆ. ದೊಡ್ಡ ಬದಲಾವಣೆಯನ್ನೇ ಕ್ಯಾನ್ಸರ್ ಪೂರ್ವ ಹಂತ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ. ಎಲ್ಲರಲ್ಲೂ ಕ್ಯಾನ್ಸರ್ ಆಗಿಯೇ ತೀರುತ್ತದೆ ಅಂತಲೂ ಅಲ್ಲ. ಕೆಲವರಲ್ಲಿ ಮಾತ್ರ ಆಗುತ್ತದೆ. ಯಾರಲ್ಲಿ ಆಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಅದೇ ಕಷ್ಟ. ಗುದದ್ವಾರದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಎಚ್‌ಪಿವಿಯೇ ಕಾರಣ.

ಎಚ್‌ಐವಿ ಇರುವವರಿಗೆ ಯಾಕೆ ಹೆಚ್ಚು ಅಂದರೆ, ಎಚ್‌ಪಿವಿಯನ್ನು ಅಡಗಿಸಬೇಕಾದ ಸೈನ್ಯವನ್ನೇ ಎಚ್‌ಐವಿ ಹಾಳು ಮಾಡಿರುತ್ತದೆ. ಸಿಡಿ-4 ಎನ್ನುವ ರಕ್ತಕಣಗಳ ಲೆಕ್ಕ ಅವರಿಗೆಲ್ಲಾ ಗೊತ್ತೇ ಇರುತ್ತದೆ. ಮಾತ್ರೆ ಶುರು ಮಾಡಿದ ಮೇಲೆ ಆ ಲೆಕ್ಕ ಏರುತ್ತದೆ, ಆರೋಗ್ಯ ಸುಧಾರಿಸುತ್ತದೆ, ಈ ಅಪಾಯವೂ ಇಳಿಯುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಹಿಂದೆ ಯಾವಾಗಲೋ ಸಿಡಿ-4 ತೀರಾ ಕೆಳಗೆ ಬಿದ್ದಿದ್ದರೆ, ಆ ಕಾಲದಲ್ಲಿ ಬೇರೂರಿದ ಎಚ್‌ಪಿವಿ ಆಮೇಲೂ ಉಳಿದಿರಬಹುದು. ಸಿಗರೇಟು, ಬೀಡಿ ಸೇದುವವರಿಗೆ ಅಪಾಯ ಇನ್ನಷ್ಟು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕ ಹೀಗಿದೆ. ಸಾಮಾನ್ಯ ಜನರಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ಗುದದ್ವಾರದ ಕ್ಯಾನ್ಸರ್ ಬರುತ್ತದೆ. ಎಚ್‌ಐವಿ ಇರುವ ಹೆಂಗಸರಲ್ಲಿ ಲಕ್ಷಕ್ಕೆ ಸುಮಾರು 22 ಮಂದಿಗೆ. ಗಂಡಸರ ಜೊತೆ ಸಂಬಂಧವಿರುವ, ಎಚ್‌ಐವಿ ಇರುವ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 85. ಅಂದರೆ ಎಲ್ಲರೂ ಗಾಬರಿಯಾಗುವಂಥ ಕಾಯಿಲೆ ಇದಲ್ಲ. ಆದರೆ ಎಚ್‌ಐವಿ ಇರುವವರು ಇದನ್ನು ಮರೆಯುವ ಹಾಗೂ ಇಲ್ಲ.

"ನಾನೇನು ಮಾಡಿದ್ದೆ?"

ವರದಿ ಬಂದ ದಿನ ಅಕ್ಕ ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ 'ಬದುಕ್ತೀನಾ' ಅಂತಲ್ಲವಂತೆ. "ನಾನು ಅಂಥದ್ದೇನೂ ಮಾಡಿಲ್ಲವಲ್ಲ ಡಾಕ್ಟ್ರೇ, ಅಲ್ಲಿಗೆ ಹೇಗೆ ಬಂತು?" ಅಂತ.

ಈ ಪ್ರಶ್ನೆ ಎಷ್ಟೋ ಹೆಂಗಸರ ಬಾಯಿ ಮುಚ್ಚಿಸುತ್ತದೆ. ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಗುದದ ಮೂಲಕ ಸಂಭೋಗ ನಡೆದರೆ ಎಚ್‌ಪಿವಿ ಅಲ್ಲಿಗೆ ತಲುಪುತ್ತದೆ, ನಿಜ. ಆದರೆ ಅದಿಲ್ಲದೆಯೂ ಬರುತ್ತದೆ. ಹೆಣ್ಣಿನ ದೇಹದಲ್ಲಿ ಯೋನಿಗೂ ಗುದದ್ವಾರಕ್ಕೂ ಎಷ್ಟು ಅಂತರ? ಒಂದೆರಡು ಬೆರಳಗಲ. ಈ ವೈರಸ್ಸು ಚರ್ಮದಿಂದ ಚರ್ಮಕ್ಕೆ ಹರಡುವಂಥದ್ದು. ಗರ್ಭಕಂಠದಲ್ಲೋ ಯೋನಿಯ ಹೊರಭಾಗದಲ್ಲೋ ಇರುವ ವೈರಸ್ಸು ಪಕ್ಕಕ್ಕೆ ಸಾಗಲು ಯಾವ 'ಅಂಥ' ಕೆಲಸವೂ ಬೇಕಿಲ್ಲ. ಅದಕ್ಕೇ ಗರ್ಭಕಂಠದಲ್ಲಿ ಅಥವಾ ಯೋನಿಯ ಹೊರಭಾಗದಲ್ಲಿ ಕ್ಯಾನ್ಸರ್ ಪೂರ್ವ ಬದಲಾವಣೆ ಕಂಡುಬಂದ ಹೆಂಗಸರಿಗೆ ಗುದದ್ವಾರದ ಅಪಾಯವೂ ಹೆಚ್ಚು. ಇನ್ನು ಯಾರೋ 'ಅಂಥದ್ದು' ಮಾಡಿದ್ದರಿಂದಲೇ ಬಂತು ಅಂದುಕೊಳ್ಳೋಣ. ಆಗಲೂ ಡಾಕ್ಟರ ಕೆಲಸ ಚಿಕಿತ್ಸೆ ಕೊಡುವುದೇ ತಾನೇ?

ಇದನ್ನು ಬಾಯಿಬಿಟ್ಟು ಹೇಳಿದ ಹೆಂಗಸರು ಪ್ರಪಂಚದಲ್ಲೇ ಕಡಿಮೆ. ಸ್ಟಾರ್ ವರ್ಲ್ಡ್ ನೋಡುತ್ತಿದ್ದವರಿಗೆ 'ಡೆಸ್ಪರೇಟ್ ಹೌಸ್‌ವೈವ್ಸ್' ಧಾರಾವಾಹಿ ನೆನಪಿರಬಹುದು. ಅದರಲ್ಲಿ ಮನೆಯನ್ನು ಕನ್ನಡಿಯ ಹಾಗೆ ಇಟ್ಟುಕೊಳ್ಳುವ ಬ್ರೀ ಪಾತ್ರ ಮಾಡಿದ ಮಾರ್ಸಿಯಾ ಕ್ರಾಸ್‌ಗೆ 2017ರಲ್ಲಿ ಗುದದ್ವಾರದ ಕ್ಯಾನ್ಸರ್ ಇರುವುದು ಗೊತ್ತಾಯಿತು. (ಆಕೆಯ ಕತೆಯಲ್ಲಿ ಎಚ್‌ಐವಿ ಇಲ್ಲ, ಬರೀ ಎಚ್‌ಪಿವಿ.) ವರ್ಷಕ್ಕೊಮ್ಮೆ ಮಾಡಿಸುವ ಸ್ತ್ರೀರೋಗ ತಪಾಸಣೆಗೆ ಹೋದಾಗ ಡಾಕ್ಟರು ಬೆರಳಿಟ್ಟು ನೋಡಿ ಕಂಡುಹಿಡಿದರು. ಕೀಮೋ, ರೇಡಿಯೇಷನ್ ಆಗಿ ಗುಣವಾದ ಮೇಲೆ 2019ರಲ್ಲಿ ಟಿವಿಯಲ್ಲಿ ಕೂತು ಎಲ್ಲವನ್ನೂ ಹೇಳಿದರು. ಆಕೆಯ ಗಂಡನಿಗೆ 2009ರಲ್ಲಿ ಗಂಟಲು ಕ್ಯಾನ್ಸರ್ ಆಗಿತ್ತು. ಇಬ್ಬರದಕ್ಕೂ ಒಂದೇ ಬಗೆಯ ಎಚ್‌ಪಿವಿ ಕಾರಣವಿರಬಹುದು ಅಂತ ಡಾಕ್ಟರುಗಳ ಅಭಿಪ್ರಾಯ. ನಾಚಿಕೆಯಿಂದ ಜನ ಸಾಯಬಾರದು ಅಂತಲೇ ಮಾತಾಡುತ್ತಿದ್ದೇನೆ ಎನ್ನುವ ಅರ್ಥದಲ್ಲಿ ಆಕೆ ಹೇಳಿಕೊಂಡರು. ನಮ್ಮಲ್ಲಿ ಯಾವ ನಟಿ ಹೀಗೆ ಮಾತಾಡಿಯಾರು ಅಂತ ಒಂದು ಕ್ಷಣ ಅನ್ನಿಸಿತು ನನಗೆ.

ಮೊದಲೇ ತೆಗೆದರೆ ಪ್ರಯೋಜನವಿದೆಯಾ?

ತುಂಬಾ ವರ್ಷ ಡಾಕ್ಟರುಗಳಿಗೇ ಇದು ಖಚಿತವಿರಲಿಲ್ಲ. ಗರ್ಭಕಂಠದಲ್ಲಾದರೆ ಪೂರ್ವ ಹಂತವನ್ನು ತೆಗೆದರೆ ಕ್ಯಾನ್ಸರ್ ತಪ್ಪುತ್ತದೆ ಅಂತ ಗೊತ್ತಿತ್ತು. ಗುದದ್ವಾರದಲ್ಲೂ ಹಾಗೇನಾ? ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಡಾ. ಜೋಯಲ್ ಪಲೆಫ್ಸ್ಕಿ ಅವರ ನೇತೃತ್ವದಲ್ಲಿ 2014ರಲ್ಲಿ 'ಆ್ಯಂಕರ್' ಎನ್ನುವ ದೊಡ್ಡ ಅಧ್ಯಯನ ಶುರುವಾಯಿತು. ಎಚ್‌ಐವಿ ಇರುವ, 35 ವರ್ಷ ದಾಟಿದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ಹೆಂಗಸರೂ ಇದ್ದರು, ಗಂಡಸರೂ ಇದ್ದರು, ತೃತೀಯ ಲಿಂಗಿಗಳೂ ಇದ್ದರು. ನೂರಕ್ಕೆ 52 ಮಂದಿಯಲ್ಲಿ ದೊಡ್ಡ ಬದಲಾವಣೆ ಸಿಕ್ಕಿತು! ಅವರಲ್ಲಿ ಹೆಚ್ಚಿನವರಿಗೆ ನೋವೂ ಇರಲಿಲ್ಲ, ರಕ್ತವೂ ಇರಲಿಲ್ಲ.

ಆಮೇಲೆ ಸುಮಾರು 4,400 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆ ಭಾಗವನ್ನು ಸುಟ್ಟು ಅಥವಾ ಔಷಧಿ ಹಚ್ಚಿ ಚಿಕಿತ್ಸೆ. ಇನ್ನೊಂದು ಗುಂಪನ್ನು ಆಗಾಗ ಕರೆದು ನೋಡುತ್ತಾ ಇರುವುದು. ಸುಮ್ಮನೆ ನೋಡುತ್ತಿದ್ದ ಗುಂಪಿನಲ್ಲಿ 21 ಮಂದಿಗೆ ಕ್ಯಾನ್ಸರ್ ಬಂತು, ಚಿಕಿತ್ಸೆ ಪಡೆದವರಲ್ಲಿ 9 ಮಂದಿಗೆ. ಅಪಾಯ ಅರ್ಧಕ್ಕಿಂತಲೂ ಕಡಿಮೆ. ಫಲಿತಾಂಶ ಇಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿ ಎಲ್ಲರಿಗೂ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 2022ರಲ್ಲಿ ಇದು ಪ್ರಕಟವಾಯಿತು. 2024ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ತಜ್ಞರ ಸಂಘ, ಎಚ್‌ಐವಿ ಇರುವ ಹೆಂಗಸರು 45 ವರ್ಷದಿಂದ ತಪಾಸಣೆ ಶುರು ಮಾಡಬೇಕು ಅಂತ ಸಲಹೆ ಕೊಟ್ಟಿತು. ಗಂಡಸರ ಜೊತೆ ಸಂಬಂಧವಿರುವ ಗಂಡಸರು ಮತ್ತು ಮಂಗಳಮುಖಿಯರಿಗೆ ಎಚ್‌ಐವಿ ಇದ್ದರೆ 35ರಿಂದಲೇ.

ಪರೀಕ್ಷೆ ಹೇಗಿರುತ್ತದೆ ಅಂದರೆ, ಗರ್ಭಕಂಠಕ್ಕೆ ಪ್ಯಾಪ್ ಟೆಸ್ಟ್ ಮಾಡಿದ ಹಾಗೇ ಒಂದು ಒದ್ದೆ ಹತ್ತಿಕಡ್ಡಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. (ಪ್ಯಾಪ್ ಟೆಸ್ಟಿಗೆ ಹೆಸರು ಕೊಟ್ಟ ಡಾ. ಪಾಪನಿಕೊಲಾವ್ ತಮ್ಮ ಪ್ರಯೋಗಕ್ಕೆ ವರ್ಷಗಟ್ಟಲೆ ಮಾದರಿ ತೆಗೆದದ್ದು ಸ್ವಂತ ಹೆಂಡತಿ ಮೇರಿಯಿಂದ. ಆ ತಾಯಿಯ ಹೆಸರು ಯಾರೂ ಹೇಳುವುದಿಲ್ಲ ನೋಡಿ.) ಅನುಮಾನ ಬಂದರೆ, ದೊಡ್ಡದಾಗಿ ತೋರಿಸುವ ಯಂತ್ರದ ಕೆಳಗೆ ಆ ಜಾಗಕ್ಕೆ ಅಸೆಟಿಕ್ ಆಮ್ಲ ಸವರಿ ನೋಡುತ್ತಾರೆ. ನಾವು ಗೋಬಿ ಮಂಚೂರಿಗೆ ಹಾಕುವ ವಿನೆಗರ್‌ನಲ್ಲಿ ಇರುವುದೂ ಅದೇ. ಕೆಟ್ಟ ಜೀವಕೋಶ ಇರುವ ಕಡೆ ಬೆಳ್ಳಗೆ ಕಾಣುತ್ತದೆ. ಅಲ್ಲಿಂದ ಚೂರು ತೆಗೆದು ಬಯಾಪ್ಸಿ.

ಈ ಯಂತ್ರ ಹಾಗೂ ಅದನ್ನು ಓದಬಲ್ಲ ಡಾಕ್ಟರು ನಮ್ಮಲ್ಲಿ ಎಲ್ಲಾ ಕಡೆ ಸಿಗುವುದಿಲ್ಲ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಆ ತಜ್ಞರ ಸಂಘವೇ ಹೇಳುವಂತೆ, ಯಂತ್ರ ಇಲ್ಲದ ಕಡೆ ಡಾಕ್ಟರು ಬೆರಳಿಟ್ಟು ಪರೀಕ್ಷೆ ಮಾಡಬೇಕು. ಅದಕ್ಕೆ ಬೇಕಾದ್ದು ಒಂದು ಕೈಗವಸು, ಸ್ವಲ್ಪ ಜೆಲ್ಲಿ. ಸಣ್ಣ ಗಂಟು, ಗಟ್ಟಿಯಾದ ಜಾಗ, ಹುಣ್ಣು ಬೆರಳಿಗೆ ಸಿಕ್ಕಿಬಿಡುತ್ತದೆ. ಸಿಗದ ಬದಲಾವಣೆಗಳೂ ಇರುತ್ತವೆ, ಅದು ಗೊತ್ತಿರಲಿ. ಆದರೆ ಏನೂ ನೋಡದೆ ಮುಲಾಮು ಹಚ್ಚಿಕೊಂಡು ವರ್ಷ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಡಾಕ್ಟರ ಮುಂದೆ ಹೇಳಬೇಕಾದ್ದು

ಮೂಲವ್ಯಾಧಿ ನಮ್ಮಲ್ಲಿ ಮನೆಮನೆಗೂ ಇದೆ. ಬಾಣಂತನದಲ್ಲಿ, ಮಲಬದ್ಧತೆಯಲ್ಲಿ ಯಾರಿಗೆ ಬಂದಿಲ್ಲ ಹೇಳಿ. ರಕ್ತ ಕಂಡ ತಕ್ಷಣ ಕ್ಯಾನ್ಸರ್ ಅಂತ ಅತ್ತುಕೊಂಡು ಕೂರಬೇಡಿ. ಆದರೆ ಕ್ಯಾನ್ಸರಿನಲ್ಲೂ ಹಾಗೇ ರಕ್ತ ಬರುತ್ತದೆ, ಹಾಗೇ ತುರಿಕೆ, ಹಾಗೇ ನೋವು. ಹೊರಗಿನಿಂದ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಮೂರು ವಾರವಾದರೂ ಹೋಗದ ರಕ್ತ, ಕೈಗೆ ಸಿಗುವ ಗಂಟು, ಮಾಯದ ಹುಣ್ಣು, ಕೂರಲು ಆಗದ ನೋವು, ಇವುಗಳಲ್ಲಿ ಯಾವುದಿದ್ದರೂ ಎಚ್‌ಐವಿ ಇಲ್ಲದವರೂ ತೋರಿಸಿಕೊಳ್ಳಬೇಕು. 'ಬರೀ ಔಷಧಿ ಬರೆಯಬೇಡಿ, ಪರೀಕ್ಷೆ ಮಾಡಿ ನೋಡಿ' ಅಂತ ಬಾಯಿಬಿಟ್ಟು ಕೇಳಿ. ಲೇಡಿ ಡಾಕ್ಟರೇ ಬೇಕು ಅಂದರೆ ಹಾಗೇ ಕೇಳಿ, ಇಲ್ಲವೇ ನರ್ಸ್ ಜೊತೆಗಿರಲಿ ಅನ್ನಿ. ಅದರಲ್ಲಿ ಸಂಕೋಚ ಬೇಡ.

ಎಚ್‌ಐವಿ ಇರುವವರು ಎರಡೂ ಕಡೆ ಎರಡೂ ವಿಷಯ ಹೇಳುವುದು ಒಳ್ಳೆಯದು. ಎ.ಆರ್.ಟಿ. ಕೇಂದ್ರದಲ್ಲಿ ರಕ್ತ ಬರುತ್ತಿರುವುದನ್ನು ಹೇಳಿ, ಸರ್ಜನ್ ಹತ್ತಿರ ಎಚ್‌ಐವಿ ಇರುವುದನ್ನು ಹೇಳಿ. ಹೆದರಿಕೆ ಇರುವುದು ಸಹಜ. ಆದರೆ ಕಾನೂನು ನಿಮ್ಮ ಪರವಾಗಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಬಿಡುವಂತಿಲ್ಲ. ಯಾರನ್ನು ಕೇಳುವುದು ಅಂತ ತೋಚದಿದ್ದರೆ 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲದ ಸಹಾಯವಾಣಿ, ಹೆಸರು ಹೇಳಬೇಕಿಲ್ಲ.

ಜೊತೆಗೆ ಗರ್ಭಕಂಠದ ಪರೀಕ್ಷೆ ಮರೆಯಬೇಡಿ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಆರು ಪಟ್ಟು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ 25 ವರ್ಷದಿಂದಲೇ ತಪಾಸಣೆ ಹೇಳುತ್ತದೆ. ಅಕ್ಕ ಹದಿನಾರು ವರ್ಷದಲ್ಲಿ ಒಂದು ಸಲವೂ ಅದನ್ನು ಮಾಡಿಸಿರಲಿಲ್ಲ! ಈ ಗಂಟು ಸಿಕ್ಕ ಮೇಲೇ ಮಾಡಿಸಿದ್ದು. ಸದ್ಯ, ಅಲ್ಲಿ ಏನೂ ಇರಲಿಲ್ಲ.

ಮಕ್ಕಳಿಗೆ ಎಚ್‌ಪಿವಿ ಲಸಿಕೆ ಇದೆ, ಅದರಲ್ಲೂ 9ರಿಂದ 14ರ ವಯಸ್ಸು ಒಳ್ಳೆಯದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸೆರ್ವಾವ್ಯಾಕ್ ಬಂದ ಮೇಲೆ ನಮ್ಮ ದೇಶದ್ದೇ ಲಸಿಕೆ ಸಿಗುತ್ತಿದೆ. ಎಚ್‌ಐವಿ ಇರುವ ಮಕ್ಕಳಿಗೆ ಒಂದು ಡೋಸ್ ಸಾಲದು, ಸಾಧ್ಯವಾದರೆ ಮೂರು ಬೇಕು. ಆದರೆ ಈಗಾಗಲೇ ಬದಲಾಗಿರುವ ಜೀವಕೋಶವನ್ನು ಲಸಿಕೆ ಸರಿಮಾಡುವುದಿಲ್ಲ. ದೊಡ್ಡವರಿಗೆ ತಪಾಸಣೆಯೇ ದಾರಿ.

ಅಕ್ಕನಿಗೆ ಗಂಟು ತೆಗೆದು, ಸುತ್ತಲಿನ ಭಾಗ ಸುಟ್ಟಿದ್ದಾರೆ. ಹತ್ತು ಹದಿನೈದು ದಿನ ಶೌಚಕ್ಕೆ ಹೋಗಲು ಜೀವ ಹೋದ ಹಾಗಾಗುತ್ತಿತ್ತಂತೆ. ಈಗ ನೋವಿಲ್ಲ. ಇದು ಮತ್ತೆ ಬರಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಮಗಳು ಕೆಲಸಕ್ಕೆ ಹೋಗುತ್ತಾಳೆ, ಅವಳಿಗೆ ರಜೆ ಸಿಗುವುದಿಲ್ಲ. ಹೋದ ಸಲ ಒಬ್ಬರೇ ಹೋಗಿ ಬಂದರು. ಮುಂದಿನ ತಪಾಸಣೆ ಸಂಕ್ರಾಂತಿ ಕಳೆದ ವಾರ. ಜೊತೆಗೆ ಬರ್ತೀನಿ ಅಂದಿದ್ದೇನೆ. "ಬಾ, ಆದ್ರೆ ಪಲ್ಯ ಗಿಲ್ಯ ತರ್ಬೇಡ" ಅಂದರು.